ಸುಕ್ಕಿಲ್ಲದ ಬ್ಯಾಡಗಿ ಕಾಯಿ

…ಬೇಕಾಗತೈತಿ, ಎಂದೇ ಮುಗಿದಿತ್ತು ಆ ಮಾತು, ಮಾನ್ಯರೇ. ಅಷ್ಟಂತೂ ಖಚಿತವಾಗಿ ನೆನಪಿದೆ. 'ಹೆಣ್ಣಮಕ್ಕಳಿಗೆ ಬಣ್ಣ ತಿಳಿತಾವ ಖರೇ, ಆದ್ರ ಡಿಸೈನಿಗೆ' ಎಂದು ತಾವು ಹಾವೇರಿಯ ವೇದಿಕೆಯಿಂದ ಆರಂಭಿಸಿದ್ದೂ ನೆನಪಿದೆ. ಎರಡರ ನಡುವೆ ಒಂದು ಪದವಿತ್ತು. ಸರಿಯಾಗಿ ಆ ಪದದ ಹೊತ್ತಿಗೆ ಮೈಕು ಕಿರುಚಿಕೊಂಡು ಅದನ್ನು ನುಂಗಿಬಿಟ್ಟಿತು. ಸಭಿಕರು ಮಾತ್ರ ಮೈಕಿನ ಕಿರುಚಾಟ ನಿಲ್ಲುವ ಮೊದಲೇ ಚಪ್ಪಾಳೆ ತಟ್ಟಿದರು, ಕೆಲವರು ಶಿಳ್ಳೆಯನ್ನೂ ಹಾಕಿದರು. ಅಂದರೆ ಆ ಪದ ಅವರಿಗೆಲ್ಲ ಮನೆಯಿಂದ ಹೊರಡುವಾಗಲೇ ಗೊತ್ತಿತ್ತು ಎಂದಾಯಿತು. ಗೊತ್ತಿರದವನು ನಾನೊಬ್ಬನೇ. ಅಂದಿನಿಂದ ಆ ಖಾಲಿ ಜಾಗದಲ್ಲಿ ಒಂದೊಂದೇ ಪದವನ್ನು ಇಟ್ಟು ತೆಗೆಯುತ್ತಿದ್ದೇನೆ: ತಲೆ, ಧೈರ್ಯ, ಅನುಭವ, ಮೀಸೆ. ಯಾವುದೂ ಸರಿಯಾಗಿ ಕೂರುತ್ತಿಲ್ಲ. ಕೊನೆಯದು ಒಂದಿಷ್ಟು ಹತ್ತಿರ ಬಂದಂತೆ ಕಾಣುತ್ತದೆ.

ಆದ್ದರಿಂದ ಹಾವೇರಿ ಜಿಲ್ಲೆಯ ಫ್ಲೆಕ್ಸ್ ಮತ್ತು ಗ್ರಾಫಿಕ್ಸ್ ಮಾಲೀಕರ ಸಂಘದ ಅಧ್ಯಕ್ಷರೂ, ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಅಂಗಡಿಯ ಮಾಲೀಕರೂ, ಈಚೆಗೆ ತಮ್ಮದೇ ಸಂಘದಿಂದ 'ವಿನ್ಯಾಸ ಸಾರ್ವಭೌಮ' ಎಂಬ ಬಿರುದನ್ನು ಸ್ವೀಕರಿಸಿದವರೂ ಆದ ಶ್ರೀ ಪ್ರೇಮಕುಮಾರ ಅವರಿಗೆ, ಅದೇ ಅಂಗಡಿಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಬೀಜದ ಕಂಪನಿಗಳ ಪಾಕೀಟುಗಳ ಕಾಗುಣಿತ ತಿದ್ದಿಕೊಂಡಿರುವ ಕೊಟ್ರೇಶನು ಮಾಡುವ ಸಾಷ್ಟಾಂಗ ವಂದನೆಗಳು. ಕೂಗಳತೆಯಲ್ಲಿ ಕುಳಿತವರಿಗೆ ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ತಮ್ಮ ಸಾಧನೆ ಬಹಿರಂಗವಾದದ್ದು, ಮೂರು ಊರುಗಳ ಕಂಬಗಳಿಗೆ ಕಟ್ಟಿಸಿಕೊಂಡದ್ದು. ಅದರ ಗುಣಗಾನವನ್ನು ಬೆಂಚಿನ ಮೇಲಿಂದ ಪಿಸುಗುಟ್ಟಿದರೆ ಬಿರುದಿಗೆ ಅವಮಾನವಾಗುತ್ತದೆ.

ಮೊದಲು ಆ ಸಮಾರಂಭದ ಬಗ್ಗೆ ಧನ್ಯವಾದಗಳು. ಮಹಿಳಾ ದಿನಾಚರಣೆಯನ್ನು ಇಷ್ಟು ಶಿಸ್ತಿನಿಂದ, ಮಹಿಳೆಯರ ತೊಂದರೆ ಸ್ವಲ್ಪವೂ ಇಲ್ಲದೆ ನಡೆಸಬಹುದೆಂದು ನಾನು ಎಣಿಸಿರಲಿಲ್ಲ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಪದಾಧಿಕಾರಿಗಳ ಮುಖಗಳು ಅಂಚಿನುದ್ದಕ್ಕೂ ಒತ್ತೊತ್ತಾಗಿ ನಿಂತಿದ್ದವು, ಮೆಣಸಿನಕಾಯಿ ಚೀಲಗಳನ್ನು ಲಾರಿಗೆ ಒಟ್ಟಿದ ಹಾಗೆ. ನಟ್ಟನಡುವೆ ತಾವೇ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಬ್ಬ ಹೆಂಗಸಿನ ಆಕೃತಿ: ಹಾರುವ ಕೂದಲು, ಕೂದಲಿನ ತುದಿಯಲ್ಲಿ ಚಿಟ್ಟೆಗಳು, ಆದರೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಯಿಲ್ಲ. ಅಂಚಿನಲ್ಲಿದ್ದ ಪ್ರತಿಯೊಬ್ಬ ಗಂಡಸಿಗೂ ಇವೆಲ್ಲ ಇದ್ದವು, ಮೇಲೆ ಕಪ್ಪು ಬಳಿದ ಮೀಸೆ ಬೇರೆ. ಯಾರಿಗಾಗಿ ದಿನ ಆಚರಿಸುತ್ತಿದ್ದೇವೋ ಅವರಿಗೆ ಬಾಯಿ ಕೊಡದಿರುವುದು ಎಷ್ಟು ಮುಂದಾಲೋಚನೆಯ ಕೆಲಸವೆಂಬುದು ಅಂದು ಸಂಜೆಯ ಹೊತ್ತಿಗೆ ನನಗೆ ಅರ್ಥವಾಯಿತು.

ಆದರೆ ಅಲ್ಲಿಗೆ ಬರುವ ಮುನ್ನ ಅಂಗಡಿಯ ವ್ಯವಸ್ಥೆಯನ್ನು ಒಂದಿಷ್ಟು ಹೊಗಳದಿದ್ದರೆ ಓದುವವರಿಗೆ ತಮ್ಮ ಹಿರಿಮೆ ತಿಳಿಯುವುದಿಲ್ಲ. ತಮ್ಮ ತಿರುಗುವ ಕುರ್ಚಿ ರಸ್ತೆಗೆ ಮುಖ ಮಾಡಿದೆ. ಅಂಗಡಿಯ ವಿನ್ಯಾಸಗಳನ್ನು ಮಾಡುತ್ತಿದ್ದ ಅರುಣಾ ಅವರ ಕಂಪ್ಯೂಟರಿನ ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಧಾರವಾಡದಲ್ಲಿ ಚಿತ್ರಕಲೆ ಓದಿ ಬಂದವರು, ಮೂವತ್ತು ದಾಟಿದವರು, ಶಾಲೆಗೆ ಹೋಗುವ ಮಗಳ ತಾಯಿ. ಆದರೂ ತಮ್ಮ ಬಾಯಲ್ಲಿ, ತಮ್ಮಿಂದ ಕಲಿತ ಗಿರಾಕಿಗಳ ಬಾಯಲ್ಲಿ ಅವರ ಹುದ್ದೆ 'ಕಂಪ್ಯೂಟರ್ ಹುಡುಗಿ'. ಅಂಗಡಿಯಲ್ಲಿ ಡಿಸೈನರ್ ಎಂಬ ಪದಕ್ಕೆ ಸರ್ ಎಂಬ ಬಾಲ ಹುಟ್ಟುವಾಗಲೇ ಬಂದಿತ್ತು, ಹಾಗಾಗಿ ಅದು ಅವರಿಗೆ ಹೊಂದುವಂತಿರಲಿಲ್ಲ. ಫ್ಲೆಕ್ಸಿಗೆ ಬಿದಿರು ಕಟ್ಟುವ ಜಾಕೀರ್ ಎಂದಾದರೂ ಬಾಗಿಲಲ್ಲಿ ನಿಂತರೆ ಸಾಕು, ಮದುವೆಯ ಮನೆಯವರು ನೇರ ಅವನ ಬಳಿಗೇ ಹೋಗಿ ವಧುವಿನ ಹೆಸರು ಯಾವ ಬಣ್ಣದಲ್ಲಿರಬೇಕೆಂದು ವಿವರಿಸತೊಡಗುತ್ತಿದ್ದರು. 'ನಾ ಬಂಬೂ ಕಟ್ಟವ್ನರೀ ಸಾಹೇಬ್ರ, ಬಣ್ಣದ ಮಾತು ಅಕ್ಕಾರಿಗೆ ಹೇಳ್ರಿ' ಎಂದು ಅವನು ಬೇಡಿಕೊಂಡರೂ ಅವರು ಅದನ್ನು ದೊಡ್ಡ ಕಲಾವಿದನ ವಿನಯವೆಂದೇ ತಿಳಿಯುತ್ತಿದ್ದರು.

ಇನ್ನು ಕೆಲವರು ಒಳಗೆ ಬಂದು, ಅರುಣಾ ಅವರ ಬೆನ್ನನ್ನು ನೋಡಿ, ಗೋಡೆಯನ್ನು ನೋಡಿ, ತಮ್ಮ ಖಾಲಿ ಕುರ್ಚಿಯನ್ನು ನೋಡಿ ಕೇಳುತ್ತಿದ್ದರು: 'ಯಾರೂ ಇಲ್ಲೇನ್ರಿ?' ಒಬ್ಬ ಮನುಷ್ಯ ಕಣ್ಣೆದುರು ಕೆಲಸ ಮಾಡುತ್ತಿರುವಾಗ, ಆ ಮನುಷ್ಯನನ್ನೇ ಉದ್ದೇಶಿಸಿ, ಯಾರೂ ಇಲ್ಲವೇ ಎಂದು ಮರ್ಯಾದೆಯಿಂದ ಕೇಳುವ ಈ ವಾಕ್ಯದ ಬಗ್ಗೆ ನಾನು ಬೆಂಚಿನ ಮೇಲೆ ಬಹಳ ಹೊತ್ತು ಯೋಚಿಸಿದ್ದೇನೆ. ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಅರುಣಾ ತಿರುಗಿಯೂ ನೋಡದೆ ಉತ್ತರ ಕೊಡುತ್ತಿದ್ದರು: 'ಸರ್ ಚಾ ಕುಡಿಯಾಕ ಹೋಗ್ಯಾರ. ಡಿಸೈನ್ ಬೇಕಿದ್ರ ಇಲ್ಲೆ ಬರ್ರಿ, ಚಾ ಬೇಕಿದ್ರ ಅವರ ಕಡೆ ಹೋಗ್ರಿ.' ಬಹಳಷ್ಟು ಜನ ಚಹಾದ ಕಡೆಗೇ ಹೋಗುತ್ತಿದ್ದರು.

ಹಾಗೆ ಹೋಗದೆ ಸ್ಟೂಲು ಎಳೆದುಕೊಂಡು ಕುಳಿತವರು ಬ್ಯಾಡಗಿಯ ಬಸವಣ್ಣೆವ್ವ. ಮಾರುಕಟ್ಟೆಯಲ್ಲಿ ವರ್ಷಾನುಗಟ್ಟಲೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿ ಬಿಡಿಸಿ ಬೆರಳು ಕೆಂಪಾಗಿಸಿಕೊಂಡು, ಈಗ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಖಾರದ ಪುಡಿ ಮಾಡಿಸಿ ಅಂಗಡಿಗಳಿಗೆ ಕೊಡುತ್ತಿರುವವರು. ಅವರ ಪಾಕೀಟಿಗೆ ತಾವು ಕುರ್ಚಿಯಿಂದ ಏಳದೆಯೇ ಒಂದು ವಿನ್ಯಾಸ ಮಾಡಿಕೊಟ್ಟಿರಿ: ಸೆರಗು ಹೊದ್ದು, ದುಂಡು ಕುಂಕುಮವಿಟ್ಟು, ಕೈಯಲ್ಲಿ ಸೌಟು ಹಿಡಿದು ನಗುತ್ತಿರುವ ಗೃಹಿಣಿ. ಅದೇ ಗೃಹಿಣಿ ತಮ್ಮ ಅಂಗಡಿಯಿಂದ ಉಪ್ಪಿನಕಾಯಿಯ ಮೇಲೂ ಶಾವಿಗೆಯ ಮೇಲೂ ಹೊರಟುಹೋದವಳು. ಒಮ್ಮೆ ಸೌಟನ್ನು ಮಾತ್ರ ಅಳಿಸಿ ಮಹಿಳಾ ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿಗೂ ಹೋಗಿದ್ದಳು. ಬಸವಣ್ಣೆವ್ವ ಕನ್ನಡಕ ಏರಿಸಿ ನೋಡಿದರು. 'ಈಕಿ ಯಾರ್ರೀ? ನಮ್ಮ ಓಣ್ಯಾಗ ಇಲ್ಲಲಾ. ಖಾರ ಕುಟ್ಟಾಕಿ ಹಿಂಗ ನಗ್ತಾಳೇನು? ಒಂದು ಸೀನರ ಸೀನಬೇಕಲ್ಲ!' ಎಂದರು. ತಾವು ನಗಲಿಲ್ಲ. ಗೋಡೆಯ ಕಡೆಯಿಂದ ನಗು ಕೇಳಿಸಿತು.

ಆ ನಗುವಿನಿಂದಲೇ ಹೊಸ ಪಾಕೀಟು ಹುಟ್ಟಿತು ಎನ್ನಬೇಕು. ಅರುಣಾ ಬರೆದದ್ದು ಒಂದೇ ಒಂದು ಕಾಯಿ. ಬೇರೇನಿಲ್ಲ. ಪಾಕೀಟಿನ ತುದಿಯಿಂದ ಬುಡದವರೆಗೆ ಬಾಗಿ ಮಲಗಿದ, ಮೈತುಂಬ ಸುಕ್ಕಿನ, ಕಡುಗೆಂಪು ಬ್ಯಾಡಗಿ ಕಾಯಿ. ಆ ಸುಕ್ಕುಗಳನ್ನು ಅವರು ಎಷ್ಟು ಹತ್ತಿರದಿಂದ ನೋಡಿ ಬರೆದಿದ್ದರೆಂದರೆ, ಬಿಸಿಲು ಬಂದು ಕುಳಿತು ಎದ್ದುಹೋದ ಜಾಗಗಳನ್ನು ಒಂದೊಂದಾಗಿ ಗುರುತಿಸಬಹುದಿತ್ತು. ಬಸವಣ್ಣೆವ್ವ ಅದರ ಮೇಲೆ ಕೈಯಾಡಿಸಿ, 'ಹಾಂ, ಇದು ನಮ್ಮ ಕಾಯಿ' ಎಂದರು. ಒಂದು ಕ್ಷಣ ಬಿಟ್ಟು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

ಪಾಕೀಟಿನ ಬುಡದಲ್ಲಿ, ಯಾರಿಗೂ ಅಡ್ಡಬರದಷ್ಟು ಸಣ್ಣ ಅಕ್ಷರಗಳಲ್ಲಿ, 'ವಿನ್ಯಾಸ: ಅರುಣಾ' ಎಂದು ಇರಲಿ ಎಂದು ಅರುಣಾ ಕೇಳಿದಾಗ ತಾವು ಕೊಟ್ಟ ಉತ್ತರವನ್ನು ಸಂಘದ ಕಚೇರಿಯಲ್ಲಿ ಕಟ್ಟು ಹಾಕಿಸಿ ಇಡಬೇಕು. 'ತಂಗೀ, ಹೆಣ್ಣಮಗಳ ಹೆಸರು ಪಾಕೀಟಿನ ಮ್ಯಾಲೆ ಊರೂರು ಅಡ್ಡಾಡಿದ್ರ ಚಂದ ಕಾಣತೈತೇನ? ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ.' ಮಾನ್ಯರೇ, ಹೆಣ್ಣಿನ ಮುಖವು ಕುಂಕುಮ ಹಚ್ಚಿಕೊಂಡು ಸೌಟು ಹಿಡಿದು ಬೀದಿಬೀದಿಯ ಅಂಗಡಿಗಳಲ್ಲಿ ತೂಗಾಡುವುದು ಸಂಸ್ಕೃತಿ, ಹೆಣ್ಣಿನ ಹೆಸರು ಅದೇ ಅಂಗಡಿಯಲ್ಲಿ ತೂಗಾಡುವುದು ಅಗೌರವ ಎಂಬ ಈ ಸೂಕ್ಷ್ಮವನ್ನು ನಾನು ಯಾವ ಶಾಸ್ತ್ರದಲ್ಲೂ ಓದಿರಲಿಲ್ಲ. ಬುಡದಲ್ಲಿ ತಮ್ಮ ಅಂಗಡಿಯ ಹೆಸರು ಬಂದಿತು, ತಮ್ಮ ಮೊಬೈಲ್ ನಂಬರಿನ ಸಮೇತ.

ಅರುಣಾ ಜಗಳವಾಡಲಿಲ್ಲ. ಕಾಯಿಯ ನಡು ಬಾಗಿದ ಕಡೆ, ಸುಕ್ಕುಗಳು ಒತ್ತಾಗಿ ಕೂಡುವ ಕಡೆ, ಸುಕ್ಕಿನ ಗೆರೆಗಳನ್ನೇ ಕೊಂಚ ಬಳುಕಿಸಿ ತಮ್ಮ ಹೆಸರನ್ನು ಬರೆದರು. ಅ ಅಕ್ಷರದ ಸುರುಳಿ, ರು ಅಕ್ಷರದ ಕೊಂಬು, ಣಾ ಅಕ್ಷರದ ಇಳಿ: ಕನ್ನಡದ ಅಕ್ಷರಗಳು ಒಣಗಿದ ಮೆಣಸಿನಕಾಯಿಯ ಮೈಗೆ ಅಷ್ಟು ಸಲೀಸಾಗಿ ಒಗ್ಗಿದ್ದನ್ನು ನೋಡಿದರೆ ನಮ್ಮ ಲಿಪಿಯನ್ನು ಮೊದಲು ಕೊರೆದವರು ಬ್ಯಾಡಗಿಯ ಕಡೆಯವರೇ ಇರಬೇಕೆಂದು ಅನುಮಾನ ಬರುತ್ತಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಬಸವಣ್ಣೆವ್ವನಿಗೆ ತೋರಿಸಿದರು, ಜಾಕೀರನಿಗೆ ತೋರಿಸಿದರು, ನನಗೂ ತೋರಿಸಿದರು. ತಮಗೆ ಕಾಣದಿದ್ದುದಕ್ಕೆ ಕಾರಣ ತಾವು ಆ ಪಾಕೀಟನ್ನು ಎಂದೂ ಹತ್ತಿರದಿಂದ ನೋಡದಿದ್ದುದು. ವಿನ್ಯಾಸ ಸಾರ್ವಭೌಮರು ತಮ್ಮ ರಾಜ್ಯವನ್ನು ದೂರದಿಂದಲೇ ನೋಡುವುದು ವಾಡಿಕೆ.

ಪಾಕೀಟು ಜನರ ಕಣ್ಣಿಗೆ ಹಿಡಿಸಿತು. ಹಾವೇರಿಯ ಅಂಗಡಿಗಳಲ್ಲಿ ಹೆಸರು ಕೇಳದೆ 'ಆ ಕಾಯಿ ಇರೋದು ಕೊಡ್ರಿ' ಎನ್ನತೊಡಗಿದರು. ತಮಗೆ ಬಿರುದು ಬಂತು. ಮಹಿಳಾ ದಿನದಂದೇ ಅದನ್ನು ತಮಗೆ ಪ್ರದಾನ ಮಾಡಬೇಕೆಂಬ ಸಂಘದ ತೀರ್ಮಾನ ಸರ್ವಾನುಮತದ್ದು. ತೀರ್ಮಾನಿಸಿದವರ ಪೈಕಿ ಮಹಿಳೆಯರಿಲ್ಲದ್ದರಿಂದ ಭಿನ್ನಮತಕ್ಕೆ ಅವಕಾಶವಿರಲಿಲ್ಲ. ಪೇಟ, ಶಾಲು, ಹಾರ ಇಟ್ಟ ತಟ್ಟೆಯನ್ನು ಹಿಡಿದು ತಮ್ಮ ಪಕ್ಕದಲ್ಲೇ ನಿಲ್ಲುವ ಗೌರವವನ್ನು ಅರುಣಾ ಅವರಿಗೆ ಕೊಟ್ಟಿರಿ. ಇಲ್ಲಿಯವರೆಗೆ ಎಲ್ಲವೂ ಫ್ಲೆಕ್ಸಿನಲ್ಲಿದ್ದಂತೆಯೇ ನಡೆಯಿತು.

ಆಮೇಲೆ ಸಂಘದ ಸಂಪ್ರದಾಯದಂತೆ ಗಿರಾಕಿಯೊಬ್ಬರು ಎರಡು ಮಾತು ಹೇಳಬೇಕಾಗಿ ಬಂದು, ತಾವು ಬಸವಣ್ಣೆವ್ವನನ್ನು ಕರೆದಿರಿ. ಅವರು ಪಾಕೀಟನ್ನು ಎತ್ತಿ ಹಿಡಿದು, ಮೈಕಿನ ಹಂಗಿಲ್ಲದ ಮಾರುಕಟ್ಟೆಯ ದನಿಯಲ್ಲಿ ಹೇಳಿದರು: 'ಶಾಲ್ ಯಾರಿಗರ ಹಾಕ್ರಿ, ನಂದೇನೂ ತಕರಾರಿಲ್ಲ. ಆದ್ರ ಈ ಕಾಯಿ ತಗದಾಕಿ ತಟ್ಟಿ ಹಿಡಕೊಂಡು ನಿಂತಾಳ ನೋಡ್ರಿ, ಆಕಿ. ಸುಳ್ಳಂದ್ರ ಸುಕ್ಕಿನ್ಯಾಗ ಹೆಸರೈತಿ, ಓದ್ಕೋರಿ.' ಮುಂದಿನ ಸಾಲಿನವರು ಎದ್ದು ಬಂದು ಪಾಕೀಟನ್ನು ಬೆಳಕಿಗೆ ಹಿಡಿದು ಓದತೊಡಗಿದರು. ತಾವೂ ಅಂದೇ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದಿರಿ. ಆಗಲೇ ತಾವು ಪೇಟವನ್ನು ಸರಿಮಾಡಿಕೊಂಡು, ಮೈಕನ್ನು ಬಾಯಿಗೆ ತೀರ ಹತ್ತಿರ ಎಳೆದುಕೊಂಡು, ಹೆಣ್ಣಮಕ್ಕಳಿಗೆ ಬಣ್ಣ ತಿಳಿತಾವ ಖರೇ, ಆದ್ರ ಡಿಸೈನಿಗೆ ಇಂಥದು ಬೇಕಾಗತೈತಿ ಎಂಬ ಆ ಮಹಾವಾಕ್ಯವನ್ನು ನುಡಿದದ್ದು.

ಮಾರನೆಯ ದಿನ ಬಸವಣ್ಣೆವ್ವನ ಎರಡನೆಯ ಸಲದ ಮುದ್ರಣಕ್ಕೆ ಪಾಕೀಟು ಹೋಗುವುದಿತ್ತು. ಅರುಣಾ ಇನ್ನೂ ಬಂದಿರಲಿಲ್ಲ. ತಾವು ಗೋಡೆಯ ಕಡೆಯ ಕುರ್ಚಿಯಲ್ಲಿ ಹೋಗಿ ಕುಳಿತದ್ದನ್ನು ಕಂಡು ನನಗೆ ರೋಮಾಂಚನವಾಯಿತು. ಸಾರ್ವಭೌಮರು ಸ್ವತಃ ಕೈಯಾಡಿಸುವುದನ್ನು ನೋಡುವ ಭಾಗ್ಯ ಬೆಂಚಿಗೆ ಅಪರೂಪ. ಹೆಸರನ್ನು ಅಳಿಸಬೇಕಿತ್ತು. ಆದರೆ ಹೆಸರೇ ಸುಕ್ಕು, ಸುಕ್ಕೇ ಹೆಸರು. ಒಂದನ್ನು ಹಿಡಿದೆಳೆದರೆ ಇನ್ನೊಂದು ಬರುತ್ತಿತ್ತು. ತುಸು ಹೊತ್ತು ಪರದಾಡಿ ತಾವು, 'ಕಾಯಿ ನೋಡು, ಮುದಿಕ್ಯಾಗೇತಿ. ಸಾಫ್ ಮಾಡೂನು' ಎಂದು ತಮಗೆ ತಾವೇ ಹೇಳಿಕೊಂಡು, ನಿತ್ಯವೂ ತಾವು ಗಣ್ಯರ ಕೆನ್ನೆಗಳ ಮೇಲೆ ಓಡಿಸುವ ಆ ಸುಕ್ಕು ತೆಗೆಯುವ ಬ್ರಷ್ಷನ್ನು ತೆಗೆದಿರಿ.

ಆ ಬ್ರಷ್ಷಿನ ಪವಾಡಗಳನ್ನು ನಾನು ಬಲ್ಲೆ. ಎಪ್ಪತ್ತು ದಾಟಿದ ಮುಖಂಡರು ಅದರಿಂದ ಮದುವಣಿಗರಾಗಿದ್ದಾರೆ. ತೀರಿಕೊಂಡ ಹಿರಿಯ ಹೆಂಗಸೊಬ್ಬರ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನೋಡಿದ ಸ್ವಂತ ತಂಗಿಯೇ, 'ಇದು ಯಾರ ಸೊಸಿ? ಸಣ್ಣ ವಯಸ್ಸಿಗೇ ಹೋತಲ್ಲವಾ!' ಎಂದು ಬಾಯಿಗೆ ಸೆರಗು ಹಿಡಿದು ಅತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಂಡಸಿಗೆ ಮೀಸೆ ಕಪ್ಪು, ಹೆಂಗಸಿಗೆ ಕೆನ್ನೆ ಬಿಳುಪು: ಇದಿಷ್ಟೇ ತಮ್ಮ ಕಲಾಮೀಮಾಂಸೆ. ಆದರೂ ತಾವು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಮಾರುಕಟ್ಟೆಯ ಗೋಡೆಗೆ ಒತ್ತಿಕೊಂಡ ಮನೆಯಲ್ಲಿ ಸೀನುತ್ತ ಅಕ್ಷರ ಕಲಿತವರು. ಬ್ಯಾಡಗಿ ಕಾಯಿಗೆ ಸುಕ್ಕೇ ಕುಲ, ಸುಕ್ಕೇ ಗೋತ್ರ ಎಂಬುದು ತಮಗೆ ತಿಳಿಯದ್ದಲ್ಲ. ತಿಳಿವಳಿಕೆ ತಲೆಯಲ್ಲಿತ್ತು, ಚಾಳಿ ಕೈಯಲ್ಲಿತ್ತು. ಹೆಂಗಸಿನ ಗುರುತೊಂದು ಕಣ್ಣಿಗೆ ಬಿದ್ದೊಡನೆ ಕೈ ತಲೆಯನ್ನು ಕೇಳಲಿಲ್ಲ. ಕಾಯಿ ನುಣ್ಣಗಾಯಿತು, ಹೊಳೆಯಿತು, ಹೆಸರು ಹೋಯಿತು, ಅದರ ಜೊತೆಗೆ ಊರೂ ಹೋಯಿತು.

ಹೊಸ ಪಾಕೀಟು ಬ್ಯಾಡಗಿಯನ್ನು ತಲುಪಿದಾಗ ಅಂಗಡಿಯವರು ಮುಟ್ಟಲಿಲ್ಲವಂತೆ. 'ಯಾವ ಸೀಮಿ ಕಾಯಿ ತುಂಬೀಯವಾ ಬಸವಣ್ಣೆವ್ವ? ನಮ್ಮೂರಾಗ ಕೂತು ನಮಗ ಮಂದಿ ಕಾಯಿ ಮಾರ್ತೀಯೇನು?' ಎಂದರಂತೆ. ಓಣಿಯ ಹೆಂಗಸರು ಬೆರಳು ಕೆಂಪಾಗಿಸಿಕೊಂಡು ಕಟ್ಟಿದ ನಂಬಿಕೆ ಬ್ರಷ್ಷು ಒಮ್ಮೆ ಸವರಿದ್ದಕ್ಕೇ ಕಲಬೆರಕೆಯ ಅನುಮಾನವಾಗಿ ಬದಲಾಯಿತು. ಬಸವಣ್ಣೆವ್ವ ಪಾಕೀಟಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದು, ಅದನ್ನು ತಮ್ಮ ಮೇಜಿನ ಮೇಲೆ ಸುರಿದರು. ತಾವು ಒಂದು ಕ್ಷಣವೂ ತಡಮಾಡಲಿಲ್ಲ. ಹೆಬ್ಬೆರಳನ್ನು ಹಿಂದಕ್ಕೆ, ಗೋಡೆಯ ಕಡೆಗೆ ತೋರಿಸಿದಿರಿ. 'ನನಗೇನ ಗೊತ್ತವಾ, ಕಂಪ್ಯೂಟರ್ ಹುಡುಗಿ ಮಾಡಿದ್ದು. ಆಕೀನ ಕೇಳ್ರಿ.'

ಈ ಉದಾರತೆಗೆ ನಾನು ಬೆಂಚಿನಿಂದಲೇ ಕೈಮುಗಿದೆ. ಅಷ್ಟು ದಿನ ಕೇಳಿದರೂ ಕೊಡದಿದ್ದ ಕರ್ತೃತ್ವವನ್ನು, ಕೇಳದೆಯೇ, ಸಾಕ್ಷಿಗಳ ಸಮ್ಮುಖದಲ್ಲಿ, ಪೂರ್ತಿಯಾಗಿ ಧಾರೆಯೆರೆದುಬಿಟ್ಟಿರಿ. ಈ ವೃತ್ತಿಯಲ್ಲಿ ಹೆಂಗಸಿನ ಹೆಸರು ಬರೆಯಲು ಜಾಗವಿಲ್ಲವೆಂದು ದೂರುವವರು ತಪ್ಪಾದ ಕೆಲಸದ ಕೆಳಗೆ ಹುಡುಕಿದರೆ ಆ ಜಾಗ ಎಷ್ಟು ವಿಶಾಲವಾಗಿದೆ ಎಂದು ಕಂಡುಕೊಳ್ಳುತ್ತಾರೆ.

ಅರುಣಾ ಎದ್ದರು. ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು, ಮನೆಯಿಂದ ತಂದಿದ್ದ ಮೌಸನ್ನು ವೈರು ಸುತ್ತಿ ಅದರ ಮೇಲಿಟ್ಟರು. ಮೇಜಿನ ಮೇಲಿನ ನುಣುಪು ಕಾಯಿಯ ಪಾಕೀಟೊಂದನ್ನು ಎತ್ತಿ ತಮ್ಮ ಕೈಗೇ ಕೊಟ್ಟು ಹೇಳಿದರು: 'ಸರ, ನಾ ಮಾಡಿದ್ದು ಮೊದಲಿಂದು. ಇದು ನಿಮ್ಮ ಡಿಸೈನ್ ಐತ್ರೀ. ಹೆಸರು ಹಾಕ್ಕೋರಿ.' ಆಮೇಲೆ ಮೆಟ್ಟಿಲಿಳಿದು ಹೋದರು. ಬಸವಣ್ಣೆವ್ವ ಅರುಣಾ ಹೋದ ದಾರಿಯನ್ನೇ ನೋಡುತ್ತ ನಿಂತಿದ್ದರು. ಬಳಿಕ ತಿರುಗಿ, ಖಾಲಿಯಾದ ಗೋಡೆಯ ಕಡೆಯ ಕುರ್ಚಿಯನ್ನು ನೋಡಿ, ತಿರುಗುವ ಕುರ್ಚಿಯಲ್ಲಿ ತುಂಬಿಕೊಂಡು ಕುಳಿತಿದ್ದ ತಮ್ಮ ಮುಖವನ್ನು ನೆಟ್ಟಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: 'ಯಾರೂ ಇಲ್ಲೇನ್ರಿ?'

ಮಾನ್ಯರೇ, ಈಗ ನನ್ನ ಕೆಲವು ವಿನಂತಿಗಳು. ತಮ್ಮ ಬ್ರಷ್ಷು ಒಂದೇ ಕಾಯಿಗೆ ನಿಲ್ಲಬಾರದು. ಬೀಜದ ಪಾಕೀಟುಗಳ ಮೇಲಿನ ಹಾಗಲಕಾಯಿಯ ಗುಳ್ಳೆಗಳನ್ನು ಸವರಿ, ಹೀರೇಕಾಯಿಯ ಏಣುಗಳನ್ನು ತಟ್ಟಿ, ಅವೆರಡನ್ನೂ ಸೋರೆಕಾಯಿಯ ಲಕ್ಷಣಕ್ಕೆ ತರಬೇಕು. ಬಿತ್ತಿದ ರೈತನು ತನ್ನ ಹೊಲವನ್ನೇ ತಿದ್ದಿಕೊಳ್ಳಲಿ. ದೇವರಗುಡ್ಡದ ಬಂಡೆಗಳಿಗೆ ವಯಸ್ಸಾಗಿದೆ, ಅವುಗಳ ಕೆನ್ನೆ ಬಿಳುಪಾಗಬೇಕು. ಕುಮಾರಪಟ್ಟಣದ ಬಳಿ ತುಂಗಭದ್ರೆಯ ಮೈಮೇಲೆ ಗಾಳಿ ಬಂದಾಗಲೆಲ್ಲ ಸುಕ್ಕುಗಳೇಳುತ್ತವೆ; ನದಿಯೂ ಹೆಣ್ಣೇ ಆದ್ದರಿಂದ ಅದನ್ನು ಹಾಗೇ ಬಿಡುವುದು ಸಂಘಕ್ಕೆ ಶೋಭೆಯಲ್ಲ. ತುಂಬು ಬಿಡಿಸುವ ಹೆಂಗಸರ ಹೆಬ್ಬೆರಳಿನ ಗೆರೆಗಳನ್ನೂ ಸಾಫ್ ಮಾಡಿಕೊಡಬೇಕು. ಹೆಸರು ಬರೆಯಲು ಬಾರದವರು ಇಂದಿಗೂ ಆ ಗೆರೆಗಳನ್ನೇ ಒತ್ತಿ ತಾವು ಯಾರೆಂದು ಹೇಳುತ್ತಾರೆಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ.

ಸಂಘವು ಕಳೆದ ವಾರ ರಚಿಸಿದ ಮಹಿಳಾ ವಿನ್ಯಾಸಕಾರರ ಹಿತರಕ್ಷಣಾ ಉಪಸಮಿತಿಗೂ ನನ್ನ ಅಭಿನಂದನೆಗಳು ಸಲ್ಲಲಿ. ಅದರ ಸದಸ್ಯರೆಲ್ಲರ ಮೀಸೆಗಳನ್ನು ನಾನು ಫ್ಲೆಕ್ಸಿನಲ್ಲಿ ನೋಡಿದೆ. ಹಿತವೂ ತಮ್ಮದೇ, ರಕ್ಷಣೆಯೂ ತಮ್ಮದೇ ಆಗಿರುವಾಗ ಮಹಿಳೆಯರನ್ನು ಸಭೆಗೆ ಕರೆದು ದಣಿಸುವುದು ಬೇಡವೆಂದು ತೀರ್ಮಾನಿಸಿದ್ದೀರಿ, ಒಳ್ಳೆಯದು. ಬೇಕಿದ್ದರೆ ಆ ಚಿಟ್ಟೆಗೂದಲಿನ, ಬಾಯಿಲ್ಲದ ಹೆಂಗಸನ್ನೇ ಅದಕ್ಕೆ ಗೌರವಾಧ್ಯಕ್ಷಳನ್ನಾಗಿ ಮಾಡಬಹುದು. ಆಕೆ ಯಾವ ನಿರ್ಣಯವನ್ನೂ ವಿರೋಧಿಸಲಾರಳು.

ಮೈತುಂಬ ಸುಕ್ಕುಗಳೊಂದಿಗೆ,
ತಮ್ಮ ವಿಶ್ವಾಸಿ,
ಕೊಟ್ರೇಶ
(ಬಾಗಿಲ ಪಕ್ಕದ ಬೆಂಚು, ರಾಣೆಬೆನ್ನೂರು)

ತಾ.ಕ.: ಅಂಗಡಿಯ ಗಾಜಿಗೆ ಅಂಟಿಸಲು 'ಕಂಪ್ಯೂಟರ್ ಹುಡುಗಿ ಬೇಕಾಗಿದ್ದಾಳೆ, ಮಾತು ಕಡಿಮೆ ಇರುವವರಿಗೆ ಆದ್ಯತೆ' ಎಂಬ ಪ್ರಕಟಣೆಯನ್ನು ತಾವು ನನಗೆ ತಿದ್ದಲು ಕೊಟ್ಟಿದ್ದಿರಿ. ಎರಡು ಸಲ ಓದಿದೆ. ಕಾಗುಣಿತದ ತಪ್ಪುಗಳಿಲ್ಲ, ಉಳಿದದ್ದನ್ನು ತಿದ್ದುವ ಅಧಿಕಾರ ಬೆಂಚಿಗಿಲ್ಲ. ಇನ್ನು ಕೊನೆಯ ಮಾತು ತಮಗಲ್ಲ. ಈ ಪತ್ರ ಎಲ್ಲಾದರೂ, ಯಾವ ಊರಿನ ಯಾವ ಗೋಡೆಯ ಮುಂದಾದರೂ ಅವರ ಕಣ್ಣಿಗೆ ಬಿದ್ದೀತೆಂಬ ಆಸೆಯಿಂದ ಇದನ್ನು ಇಲ್ಲಿ ಸೇರಿಸುತ್ತಿದ್ದೇನೆ: ಅರುಣಾ, ಅಂದು ಮೈಕಿಗೆ ಎಲ್ಲರಿಗಿಂತ ಹತ್ತಿರ, ತಟ್ಟೆ ಹಿಡಿದು ನಿಂತಿದ್ದವರು ನೀವು, ಡಿಸೈನಿಗೆ ಏನು ಬೇಕಾಗತೈತಿ ಎಂದರು ಅವರು, ನಿಮಗೇನಾದರೂ ಕೇಳಿಸಿತ್ತೇ?